ಕಲ್ಲಿನ ಹಿಂಬದಿಯ ಹೆಸರು: ಆರ್ಲಿಂಗ್ಟನ್ ಸೈನಿಕ ರುದ್ರಭೂಮಿಯಲ್ಲಿ ಜಾಗ ತೀರುತ್ತಿರುವುದೇಕೆ?

ಧಾರವಾಡದ ನಮ್ಮ ಓಣಿಯಲ್ಲಿ ಎಲ್ಲರೂ ‘ಹವಾಲ್ದಾರ್ ಸಾಹೇಬ್ರು’ ಎಂದೇ ಕರೆಯುವ ನಿವೃತ್ತ ಸೈನಿಕರೊಬ್ಬರಿದ್ದಾರೆ. ಮಗಳ ಬಾಣಂತನಕ್ಕೆಂದು ಹೆಂಡತಿಯೊಂದಿಗೆ ಅಮೆರಿಕದ ವರ್ಜೀನಿಯಾಕ್ಕೆ ಹೋಗಿದ್ದ ಅವರು ಮರಳಿ ಬಂದ ಮೇಲೆ ನನಗೆ ಮೊಬೈಲಿನಲ್ಲಿ ಎರಡು ಫೋಟೊ ತೋರಿಸಿದರು. ಎರಡೂ ಒಂದೇ ಬಿಳಿ ಅಮೃತಶಿಲೆಯವು. ಮುಂಬದಿಯಲ್ಲಿ ಸೈನಿಕನ ಹೆಸರು, ದರ್ಜೆ, ಅವನು ಭಾಗವಹಿಸಿದ ಯುದ್ಧದ ಹೆಸರು ಇದ್ದವು. ಸುತ್ತು ಹಾಕಿ ಹಿಂದಿನಿಂದ ತೆಗೆದ ಫೋಟೊದಲ್ಲಿ ಅವನ ಹೆಂಡತಿಯ ಹೆಸರಿತ್ತು. “ಇಬ್ಬರನ್ನೂ ಒಂದ ಕುಣ್ಯಾಗ ಇಟ್ಟಾರಂತ್ರಿ. ಅಷ್ಟ ದೊಡ್ಡ ದೇಶದಾಗ ಜಾಗಕ್ಕ ಬರ ಐತೇನ್ರಿ?” ಎಂದು ಅವರು ಕೇಳಿದರು.

ಆ ಜಾಗದ ಹೆಸರು ಆರ್ಲಿಂಗ್ಟನ್ ರಾಷ್ಟ್ರೀಯ ರುದ್ರಭೂಮಿ. ಮಕ್ಕಳನ್ನು ನೋಡಲು ಹುಬ್ಬಳ್ಳಿ-ಧಾರವಾಡದಿಂದ ಅಮೆರಿಕಕ್ಕೆ ಹೋಗಿಬರುವ ತಂದೆ-ತಾಯಂದಿರಲ್ಲಿ ವಾಷಿಂಗ್ಟನ್ ನಗರವನ್ನು ಸುತ್ತಿದವರು ಇದನ್ನೂ ನೋಡಿ ಬಂದಿರುತ್ತಾರೆ. ಆದರೆ ಅಲ್ಲಿ ಜಾಗವೇಕೆ ತೀರುತ್ತಿದೆ, ತೀರದಂತೆ ಮಾಡಲು ಸರ್ಕಾರ ಏನು ಮಾಡುತ್ತಿದೆ ಎಂಬುದು ನೋಡಿ ಬಂದವರಿಗೂ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಹವಾಲ್ದಾರರ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಆ ಜಮೀನು ಯಾರದಾಗಿತ್ತು ಎಂಬಲ್ಲಿಂದ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹಳೆಯ ಉತಾರ ತೆಗೆಸಿ ನೋಡುವುದರಿಂದ, ಆರಂಭಿಸಬೇಕಾಗುತ್ತದೆ.

ಮೊದಲು ಎರಡು ಪದಗಳ ಅರ್ಥ

ಅಮೆರಿಕದಲ್ಲಿ ‘ವೆಟರನ್’ ಎಂಬ ಪದವನ್ನು ನಾವು ‘ಮಾಜಿ ಸೈನಿಕ’ ಎಂದು ಅನುವಾದಿಸುತ್ತೇವೆ. ಆದರೆ ಎರಡರ ವ್ಯಾಪ್ತಿಯೂ ಒಂದೇ ಅಲ್ಲ. ನಮ್ಮಲ್ಲಿ ಮಾಜಿ ಸೈನಿಕ ಎಂದೊಡನೆ ಪೂರ್ಣ ಅವಧಿ ಮುಗಿಸಿ, ಪಿಂಚಣಿ ಪಡೆಯುತ್ತ, ಕ್ಯಾಂಟೀನ್ ಕಾರ್ಡು ಹೊಂದಿರುವವರ ಚಿತ್ರ ಕಣ್ಣಮುಂದೆ ಬರುತ್ತದೆ. ಅಲ್ಲಿ ಎರಡು-ಮೂರು ವರ್ಷ ಸೇನೆಯಲ್ಲಿದ್ದು, ಕಳಂಕವಿಲ್ಲದೆ ಬಿಡುಗಡೆಯಾಗಿ, ಆಮೇಲೆ ಇಡೀ ಜೀವನ ಅಂಗಡಿ ನಡೆಸಿದವರೂ ವೆಟರನ್ನರೇ. ಹೀಗಾಗಿ ಅವರ ಸಂಖ್ಯೆ ಕೋಟಿಗಳಲ್ಲಿದೆ. ಜಾಗದ ಲೆಕ್ಕಕ್ಕೆ ಬಂದಾಗ ಈ ಅಂಶ ಮುಖ್ಯವಾಗುತ್ತದೆ.

ಎರಡನೆಯದು ‘ರಾಷ್ಟ್ರೀಯ ರುದ್ರಭೂಮಿ’. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರ ಜುಲೈನಲ್ಲಿ, ಸತ್ತ ಸೈನಿಕರನ್ನು ಹೂಳಲು ಸರ್ಕಾರವೇ ಜಮೀನು ಕೊಂಡು ನೋಡಿಕೊಳ್ಳಬಹುದೆಂಬ ಕಾನೂನು ಬಂತು. ಇಂದು ಅಂಥ ರುದ್ರಭೂಮಿಗಳು ಆ ದೇಶದಲ್ಲಿ 150ಕ್ಕಿಂತ ಹೆಚ್ಚಿವೆ. ಅವುಗಳಲ್ಲಿ ಹೆಚ್ಚಿನವು ಮಾಜಿ ಸೈನಿಕರ ಕಲ್ಯಾಣ ಇಲಾಖೆಯ ಕೈಯಲ್ಲಿದ್ದರೆ, ಆರ್ಲಿಂಗ್ಟನ್ ಇಂದಿಗೂ ಭೂಸೇನೆಯ ಸುಪರ್ದಿಯಲ್ಲಿದೆ. ಅಲ್ಲಿ ಹೂಳಲು ಕುಟುಂಬದಿಂದ ಹಣ ಪಡೆಯುವುದಿಲ್ಲ. ಹಾಗೆಯೇ, ಬದುಕಿರುವಾಗಲೇ ಇಂಥದೇ ಜಾಗ ನನಗಿರಲಿ ಎಂದು ಕಾಯ್ದಿರಿಸಲೂ ಬರುವುದಿಲ್ಲ.

ನಮ್ಮಲ್ಲಿ ಇಂಥದ್ದು ಏಕಿಲ್ಲ?

ನಮ್ಮಲ್ಲಿ ಸತ್ತ ಯೋಧನನ್ನು ನೆನೆಯುವ ರೂಢಿ ಇಲ್ಲವೆಂದಲ್ಲ. ಗದಗದ ಬೆಟಗೇರಿಯಲ್ಲಿ, ಹಾವೇರಿ ಜಿಲ್ಲೆಯ ಹಾನಗಲ್ಲು-ಹಿರೇಕೆರೂರು ಸೀಮೆಯಲ್ಲಿ ವೀರಗಲ್ಲುಗಳು ಇಂದಿಗೂ ನಿಂತಿವೆ. ಸಾಮಾನ್ಯವಾಗಿ ಅವುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಒಯ್ಯುವ ದೃಶ್ಯ, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ ಮತ್ತು ಅವನ ಕೀರ್ತಿ ಅಷ್ಟು ಕಾಲ ಇರಲೆಂದು ಸೂರ್ಯ-ಚಂದ್ರರು. ಆದರೆ ವೀರಗಲ್ಲು ಗೋರಿಯಲ್ಲ, ಅದು ನೆನಪಿನ ಕಲ್ಲು. ಅದರ ಅಡಿಯಲ್ಲಿ ದೇಹ ಇರಲೇಬೇಕೆಂದಿಲ್ಲ.

ಇಂದಿನ ಭಾರತೀಯ ಸೇನೆಯ ಪದ್ಧತಿಯಲ್ಲೂ ನೆನಪಿನ ಸ್ಥಳ ಬೇರೆ, ಅಂತ್ಯಕ್ರಿಯೆಯ ಸ್ಥಳ ಬೇರೆ. 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹೆಸರುಗಳಿವೆ, ಸಮಾಧಿಗಳಿಲ್ಲ. ದೇಹ ಊರಿಗೆ ಬರುತ್ತದೆ. ಕಾರ್ಗಿಲ್ ಯುದ್ಧದ ಕಾಲದಿಂದ ಇದು ಎಲ್ಲರ ಕಣ್ಣಿಗೆ ಬಿದ್ದ ವಾಡಿಕೆಯಾಯಿತು. ಸಿಯಾಚಿನ್‌ನ ಹಿಮಕುಸಿತದಲ್ಲಿ ಆರು ದಿನ ಹೂತುಹೋಗಿ ಜೀವಂತವಾಗಿ ಸಿಕ್ಕಿ, 2016ರ ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಧಾರವಾಡ ಜಿಲ್ಲೆ ಮರೆತಿಲ್ಲ. ಹುಬ್ಬಳ್ಳಿಯಲ್ಲಿ ಸಾವಿರಾರು ಜನರ ಅಂತಿಮ ದರ್ಶನದ ನಂತರ ಅವರ ಪಾರ್ಥಿವ ಶರೀರವನ್ನು ಕುಂದಗೋಳ ತಾಲ್ಲೂಕಿನ ಬೆಟದೂರಿಗೆ ತಂದು, ಸೇನಾ ಗೌರವದೊಂದಿಗೆ, ಅವರ ಮನೆತನದ ಪದ್ಧತಿಯಂತೆ ಮಣ್ಣು ಮಾಡಲಾಯಿತು. ಗೌರವ ದೇಶದ್ದು, ಮಣ್ಣು ಊರಿನದು ಎಂಬ ಈ ಏರ್ಪಾಡಿನಲ್ಲಿ ಎಲ್ಲರಿಗೂ ಒಂದೇ ಕಡೆ ಜಾಗ ಹುಡುಕುವ ಪ್ರಮೇಯ ಬರುವುದಿಲ್ಲ. ದಹನ ಮಾಡುವವರ ಸಂಖ್ಯೆಯೇ ಹೆಚ್ಚಿರುವುದೂ ಇದಕ್ಕೆ ಒಂದು ಕಾರಣ.

ಬ್ರಿಟಿಷರು ಬೇರೆ ದಾರಿ ಹಿಡಿದಿದ್ದರು. ಒಂದನೆಯ ಮಹಾಯುದ್ಧದ ನಡುವೆ, 1917ರಲ್ಲಿ ಸ್ಥಾಪನೆಯಾದ ಅವರ ಯುದ್ಧ ಸಮಾಧಿಗಳ ಆಯೋಗವು ಸೈನಿಕ ಬಿದ್ದ ನೆಲದ ಸಮೀಪವೇ ಹೂಳಬೇಕು, ದರ್ಜೆಯ ಭೇದವಿಲ್ಲದೆ ಎಲ್ಲರಿಗೂ ಒಂದೇ ಬಗೆಯ ಕಲ್ಲಿರಬೇಕು ಎಂದು ನಿಯಮ ಮಾಡಿತು. ನಾಗಾಲ್ಯಾಂಡಿನ ಕೊಹಿಮಾದಲ್ಲಿ ಅಂಥ 1,420 ಸಮಾಧಿಗಳಿವೆ. ಅಲ್ಲಿಯೇ, ತಮ್ಮ ಧರ್ಮದಂತೆ ದಹನಗೊಂಡ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳಿಗೆ ಪ್ರತ್ಯೇಕ ಸ್ಮಾರಕವಿದೆ. ಯುದ್ಧ ಮುಗಿದ ಮೇಲೆ ಅಂಥ ರುದ್ರಭೂಮಿಯಲ್ಲಿ ಲೆಕ್ಕವೂ ಮುಗಿಯುತ್ತದೆ. ಆರ್ಲಿಂಗ್ಟನ್ ಹಾಗಲ್ಲ. ಯುದ್ಧದಲ್ಲಿ ಸತ್ತವರಷ್ಟೇ ಅಲ್ಲ, ಯುದ್ಧದಿಂದ ಮರಳಿ ಬಂದು ತೊಂಬತ್ತು ವರ್ಷ ಬದುಕಿ ಹಾಸಿಗೆಯಲ್ಲಿ ಕಣ್ಣುಮುಚ್ಚಿದವರೂ ಅಲ್ಲಿಗೆ ಬರುತ್ತಾರೆ. ಅದರ ಖಾತೆ ಎಂದೂ ಮುಚ್ಚುವುದಿಲ್ಲ.

92 ಡಾಲರ್ ಕರ, 26,800 ಡಾಲರ್ ಲಿಲಾವು

ಆರ್ಲಿಂಗ್ಟನ್ ಮೊದಲು ಒಬ್ಬ ಜಮೀನುದಾರರ ಎಸ್ಟೇಟು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಪತ್ನಿ ಮಾರ್ಥಾ ಅವರ ಮೊಮ್ಮಗ, ವಾಷಿಂಗ್ಟನ್ ಅವರೇ ಸಾಕಿ ಬೆಳೆಸಿದ ಜಾರ್ಜ್ ವಾಷಿಂಗ್ಟನ್ ಪಾರ್ಕ್ ಕಸ್ಟಿಸ್ ಎಂಬವರಿಗೆ ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ಸುಮಾರು 1,100 ಎಕರೆ ಜಮೀನಿತ್ತು. ಗುಡ್ಡದ ನೆತ್ತಿಯ ಮೇಲೆ, ನದಿಯಾಚೆಯ ರಾಜಧಾನಿ ಕಾಣುವಂತೆ, ಅವರು ಕಂಬಸಾಲಿನ ದೊಡ್ಡ ಮನೆ ಕಟ್ಟಿಸಿದರು. ಕಟ್ಟಿದವರಲ್ಲಿ, ಹೊಲ ಉತ್ತವರಲ್ಲಿ ಹೆಚ್ಚಿನವರು ಅವರ ಗುಲಾಮರು. ಕಸ್ಟಿಸ್ ಅವರ ಮಗಳು ಮೇರಿ 1831ರಲ್ಲಿ ರಾಬರ್ಟ್ ಇ. ಲೀ ಎಂಬ ಸೇನಾಧಿಕಾರಿಯನ್ನು ಮದುವೆಯಾದರು. ಕಸ್ಟಿಸ್ 1857ರಲ್ಲಿ ತೀರಿಕೊಂಡಾಗ ಮೃತ್ಯುಪತ್ರದಲ್ಲಿ ಒಂದು ಷರತ್ತಿತ್ತು: ಮಗಳು ಬದುಕಿರುವವರೆಗೆ ಅನುಭೋಗಿಸಬಹುದು, ಆಮೇಲೆ ಆಸ್ತಿ ಹಿರಿಯ ಮೊಮ್ಮಗನಿಗೆ ಸೇರಬೇಕು. ಅಂದರೆ ಅಳಿಯ ಲೀ ಆ ಮನೆಯಲ್ಲಿ ಇದ್ದರೇ ಹೊರತು ಜಮೀನಿನ ಒಡೆಯರಾಗಿರಲಿಲ್ಲ. ಮುಂದೆ ಇದೇ ಷರತ್ತು ಸುಪ್ರೀಂ ಕೋರ್ಟಿನ ತನಕ ಹೋಯಿತು.

1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಅಂತರ್ಯುದ್ಧ ಆರಂಭವಾಯಿತು. ಲೀ ಅಮೆರಿಕದ ಸೇನೆಗೆ ರಾಜೀನಾಮೆ ಕೊಟ್ಟು ದಕ್ಷಿಣದ ಪರ ನಿಂತರು. ಅದೇ ವರ್ಷದ ಮೇ 24ರಂದು ಒಕ್ಕೂಟದ ಸೇನೆ ನದಿ ದಾಟಿ ಗುಡ್ಡವನ್ನು ಹಿಡಿಯಿತು. ಆ ಎತ್ತರದಿಂದ ತೋಪು ಹಾರಿಸಿದರೆ ರಾಜಧಾನಿಗೆ ತಲುಪುವಂತಿದ್ದುದರಿಂದ ಅದನ್ನು ಬಿಡುವಂತಿರಲಿಲ್ಲ.

ಮುಂದಿನ ವರ್ಷ ದಂಗೆಯೆದ್ದ ಪ್ರದೇಶಗಳ ಜಮೀನಿನ ಮೇಲೆ ಕೇಂದ್ರ ಸರ್ಕಾರ ನೇರ ಕರ ಹಾಕಿತು. ಆರ್ಲಿಂಗ್ಟನ್‌ಗೆ ಬಂದ ಬಾಕಿ 92 ಡಾಲರ್ 7 ಸೆಂಟ್. ಕಾಯಿಲೆಯಿಂದ ನರಳುತ್ತಿದ್ದ ಮೇರಿ ಲೀ ಹಣ ಕೊಟ್ಟು ತಮ್ಮ ಸಂಬಂಧಿಕರೊಬ್ಬರನ್ನು ಕಳಿಸಿದರು. ಒಡೆಯರೇ ಖುದ್ದಾಗಿ ಬಂದು ಕಟ್ಟಬೇಕು ಎಂದು ಹೇಳಿ ಅಧಿಕಾರಿಗಳು ಹಣ ಮುಟ್ಟಲಿಲ್ಲ. ಕರ ಕಟ್ಟಲು ಹೋದವರನ್ನು ‘ಹೆಸರಿದ್ದವರೇ ಬರಬೇಕು’ ಎಂದು ಕೌಂಟರಿನಿಂದ ಹಿಂದಕ್ಕೆ ಕಳಿಸುವುದು ಎಲ್ಲ ಕಾಲದ ಕಚೇರಿಗಳಿಗೂ ಗೊತ್ತಿರುವ ವಿದ್ಯೆ. 1864ರ ಜನವರಿ 11ರಂದು ಜಮೀನನ್ನು ಲಿಲಾವಿಗೆ ಹಾಕಲಾಯಿತು. ಸರ್ಕಾರವೇ 26,800 ಡಾಲರಿಗೆ ಕೂಗಿ ಕೊಂಡುಕೊಂಡಿತು.

ಯುದ್ಧ ಮುಗಿದು, ಲೀ 1870ರಲ್ಲಿ, ಮೇರಿ 1873ರಲ್ಲಿ ತೀರಿಕೊಂಡ ಮೇಲೆ ಹಿರಿಯ ಮಗ ಕಸ್ಟಿಸ್ ಲೀ ಅಜ್ಜನ ಮೃತ್ಯುಪತ್ರವನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. 1882ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಐವರು ನ್ಯಾಯಮೂರ್ತಿಗಳ ಬಹುಮತದಿಂದ, ನಾಲ್ವರ ಭಿನ್ನಮತದ ನಡುವೆ, ಲೀ ಪರವಾಗಿ ತೀರ್ಪು ಕೊಟ್ಟಿತು. ಆದರೆ ಅಷ್ಟು ಹೊತ್ತಿಗೆ ಆ ನೆಲದಲ್ಲಿ ಸಾವಿರಾರು ಸೈನಿಕರು ಮಣ್ಣಾಗಿದ್ದರು. ಗೆದ್ದ ಜಮೀನನ್ನು ಉಳುವಂತೆಯೂ ಇರಲಿಲ್ಲ, ಸಮಾಧಿಗಳನ್ನು ಎತ್ತಿಸುವಂತೆಯೂ ಇರಲಿಲ್ಲ. 1883ರಲ್ಲಿ ಅವರು 1,50,000 ಡಾಲರ್ ಪಡೆದು ಸರ್ಕಾರಕ್ಕೇ ಮಾರಿದರು. ಇಂದಿನ ರುದ್ರಭೂಮಿಯ ಕಾಗದಪತ್ರ ಶುದ್ಧವಾದದ್ದು ಆಗ.

ಬಡವರ ಮಸಣ ಗೌರವದ ನೆಲೆಯಾದದ್ದು

1864ರ ಬೇಸಿಗೆಯಲ್ಲಿ ವರ್ಜೀನಿಯಾದ ಕಾಳಗಗಳಿಂದ ಗಾಯಾಳುಗಳು ದೋಣಿ ತುಂಬಿ ವಾಷಿಂಗ್ಟನ್‌ಗೆ ಬರುತ್ತಿದ್ದರು. ನಗರದ ಸೈನಿಕ ರುದ್ರಭೂಮಿ ತುಂಬಿಹೋಗಿತ್ತು. ಆರ್ಲಿಂಗ್ಟನ್‌ನಲ್ಲಿ ಮೊದಲು ಮಣ್ಣಾದವರು ಪೆನ್ಸಿಲ್ವೇನಿಯಾದ ಸಿಪಾಯಿ ವಿಲಿಯಂ ಕ್ರಿಸ್ಟ್‌ಮನ್; ದಿನಾಂಕ 1864ರ ಮೇ 13. ಅವರನ್ನು ಕೊಂದದ್ದು ಗುಂಡಲ್ಲ, ಕಾಯಿಲೆ. ಶವವನ್ನು ಊರಿಗೆ ತರಿಸಿಕೊಳ್ಳಲು ಹಣವಿಲ್ಲದವರ ಮಕ್ಕಳೇ ಆಗ ಅಲ್ಲಿ ಹೂಳಲ್ಪಡುತ್ತಿದ್ದರು. ಇಂದು ‘ಅಲ್ಲಿ ಜಾಗ ಸಿಗುವುದೇ ಗೌರವ’ ಎನ್ನುವ ರುದ್ರಭೂಮಿಯ ಆರಂಭ ಹೀಗಿತ್ತು.

ಜೂನ್ 15ರಂದು ಸುಮಾರು 200 ಎಕರೆಯನ್ನು ಅಧಿಕೃತವಾಗಿ ರಾಷ್ಟ್ರೀಯ ರುದ್ರಭೂಮಿಯೆಂದು ಘೋಷಿಸಲಾಯಿತು. ಸೇನೆಯ ಸರಬರಾಜು ಮುಖ್ಯಸ್ಥ ಮಾಂಟ್ಗೊಮರಿ ಮೀಗ್ಸ್ ಮನೆಯ ಗುಲಾಬಿ ತೋಟದ ಅಂಚಿನಲ್ಲೇ ಅಧಿಕಾರಿಗಳನ್ನು ಹೂಳಿಸಿದರು. ಲೀ ಕುಟುಂಬ ಮತ್ತೆ ಅಲ್ಲಿ ವಾಸಕ್ಕೆ ಬರಬಾರದೆಂಬುದು ಅವರ ಉದ್ದೇಶವಾಗಿತ್ತು. ಗುರುತು ಸಿಗದ 2,111 ಸೈನಿಕರ ಅಸ್ಥಿಗಳನ್ನು ಅದೇ ತೋಟದ ಬಳಿ ಒಂದೇ ಸಮಾಧಿಯಲ್ಲಿ ಇರಿಸಲಾಗಿದೆ. ಎಸ್ಟೇಟಿನ ಇನ್ನೊಂದು ಭಾಗದಲ್ಲಿ ಬಿಡುಗಡೆಯಾದ ಗುಲಾಮರಿಗಾಗಿ ಸರ್ಕಾರ ಒಂದು ಊರನ್ನೇ ಕಟ್ಟಿತ್ತು. 27ನೆಯ ವಿಭಾಗದಲ್ಲಿ ಸುಮಾರು 3,800 ಬಿಡುಗಡೆಗೊಂಡ ಗುಲಾಮರ ಸಮಾಧಿಗಳಿವೆ. ಸೈನಿಕರಲ್ಲಿಯೂ ಕರಿಯರನ್ನು ಪ್ರತ್ಯೇಕವಾಗಿ ಹೂಳುವ ಪದ್ಧತಿ 1948ರವರೆಗೆ ನಡೆಯಿತು.

ಜಾಗದ ಕಥೆಯಲ್ಲಿ ನಿಜವಾದ ತಿರುವು 1963ರ ನವೆಂಬರ್ 25. ಗುಂಡೇಟಿಗೆ ಬಲಿಯಾದ ಅಧ್ಯಕ್ಷ ಜಾನ್ ಕೆನಡಿ ಅವರನ್ನು ಅಂದು ಆ ಮನೆಯ ಕೆಳಗಿನ ಇಳಿಜಾರಿನಲ್ಲಿ ಹೂಳಲಾಯಿತು. ಟಿ.ವಿ.ಯಲ್ಲಿ ದೇಶವೇ ಅದನ್ನು ನೋಡಿತು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಕೆನಡಿ ಅಲ್ಲಿ ಮಲಗಿದ್ದಾರೆಂದರೆ ನಮಗೂ ಅಲ್ಲೇ ಜಾಗ ಬೇಕೆಂದು ಅದೇ ಯುದ್ಧದ ಸಾಮಾನ್ಯ ಸೈನಿಕರಿಗೂ ಅನ್ನಿಸತೊಡಗಿತು. ಬೇಡಿಕೆ ಎಷ್ಟು ಏರಿತೆಂದರೆ, 1967ರಲ್ಲಿ ಮೊದಲ ಬಾರಿಗೆ ಯಾರಿಗೆ ಜಾಗ, ಯಾರಿಗಿಲ್ಲ ಎಂದು ನಿಯಮ ಬಿಗಿ ಮಾಡಬೇಕಾಯಿತು.

ಗುಂಟೆಯ ಲೆಕ್ಕದಲ್ಲಿ

ಈಗ ರುದ್ರಭೂಮಿಯ ವಿಸ್ತೀರ್ಣ ಸುಮಾರು 639 ಎಕರೆ. ಒಂದು ಗುಂಟೆಯೆಂದರೆ 1,089 ಚದರಡಿ. ಒಂದು ಕುಣಿಗೆ ಐದಡಿ ಅಗಲ, ಹತ್ತಡಿ ಉದ್ದ ಎಂದು ಹಿಡಿದರೆ ಗುಂಟೆಗೆ ಇಪ್ಪತ್ತೊಂದು, ಎಕರೆಗೆ ಎಂಟುನೂರ ಎಪ್ಪತ್ತರಷ್ಟು ಕುಣಿಗಳಾಗುತ್ತವೆ. ಇದು ಕಾಗದದ ಮೇಲಿನ ಲೆಕ್ಕ. ರಸ್ತೆ, ಮರ, ಹಳ್ಳ, ಕಡಿದಾದ ಇಳಿಜಾರು, ಸ್ಮಾರಕಗಳನ್ನು ಕಳೆದರೆ ಉಳಿಯುವುದು ಇದಕ್ಕಿಂತ ಬಹಳ ಕಡಿಮೆ. ಈಗಾಗಲೇ ಅಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಅಂತ್ಯಸಂಸ್ಕಾರವಾಗಿದೆ. ವಾರದ ಕೆಲಸದ ದಿನಗಳಲ್ಲಿ ನಿತ್ಯ ಇಪ್ಪತ್ತಕ್ಕಿಂತ ಹೆಚ್ಚು ಸಂಸ್ಕಾರಗಳು ನಡೆಯುತ್ತವೆ, ಸರದಿಗಾಗಿ ಕುಟುಂಬಗಳು ತಿಂಗಳುಗಟ್ಟಲೆ ಕಾಯುತ್ತವೆ.

ಹೂಳುವ ಪದ್ಧತಿಯಿರುವ ನಮ್ಮ ಸಮುದಾಯದವರಿಗೆ ಇಲ್ಲೊಂದು ಸಂದೇಹ ಬರುವುದು ಸಹಜ. ನಮ್ಮ ಊರಿನ ರುದ್ರಭೂಮಿಯಲ್ಲಿ, ಗದ್ದುಗೆ ಕಟ್ಟದ ಕಡೆ, ಕೆಲವು ವರ್ಷಗಳಾದ ಮೇಲೆ ಮಣ್ಣು ಮಣ್ಣಿಗೆ ಸೇರಿ ಅದೇ ಜಾಗಕ್ಕೆ ಮತ್ತೊಬ್ಬರು ಬರುತ್ತಾರೆ. ಆರ್ಲಿಂಗ್ಟನ್‌ನಲ್ಲಿ ಹಾಗೆ ಮಾಡುವಂತಿಲ್ಲ. ಕೊಟ್ಟ ಕುಣಿ ಶಾಶ್ವತ. ಅದರ ತಲೆಗೆ ಮೂರೂವರೆ ಅಡಿ ಉದ್ದ, ಹದಿಮೂರು ಇಂಚು ಅಗಲ, ನಾಲ್ಕು ಇಂಚು ದಪ್ಪದ ಅಮೃತಶಿಲೆ ನೆಡುತ್ತಾರೆ. ತೂಕ ಒಂದು ಕ್ವಿಂಟಲಿಗಿಂತ ಸ್ವಲ್ಪ ಹೆಚ್ಚು. ಅದರ ಹೆಚ್ಚುಕಡಿಮೆ ಅರ್ಧ ಭಾಗ ನೆಲದೊಳಗೇ ಇರುತ್ತದೆ.

ಜಾಗ ಉಳಿಸಲು ಎರಡು ಉಪಾಯಗಳು ಈಗಾಗಲೇ ಜಾರಿಯಲ್ಲಿವೆ. ಒಂದು, ಹವಾಲ್ದಾರರು ಕಂಡದ್ದು: ಒಂದು ಕುಟುಂಬಕ್ಕೆ ಒಂದೇ ಕುಣಿ. ಮೊದಲು ತೀರಿಕೊಂಡವರನ್ನು ಆಳದಲ್ಲಿ ಇಟ್ಟು, ನಂತರದವರನ್ನು ಅದೇ ಕುಣಿಯಲ್ಲಿ ಮೇಲೆ ಇಡುತ್ತಾರೆ. ಎರಡನೆಯದು ಚಿತಾಭಸ್ಮದ ಗೋಡೆ. ದಹನ ಮಾಡಿಸಿಕೊಳ್ಳುವ ಅಮೆರಿಕನ್ನರ ಸಂಖ್ಯೆ ಏರಿದಂತೆ, 1980ರಿಂದ ಅಸ್ಥಿಕಲಶವಿಡುವ ಗೋಡೆಗಳನ್ನು ಅಲ್ಲಿ ಕಟ್ಟಲಾಯಿತು. ನಮ್ಮ ಹಳೆಯ ಮಣ್ಣಿನ ಮನೆಗಳ ಗೋಡೆಯಲ್ಲಿ ದೀಪವಿಡಲು ಬಿಟ್ಟ ಮಾಡಗಳನ್ನು ನೆನೆಸಿಕೊಳ್ಳಿ. ಅಂಥವೇ ಚೌಕ ಮಾಡಗಳು ಸಾಲುಸಾಲಾಗಿ, ಒಂದರ ಮೇಲೊಂದು. ಬಾಯಿಗೆ ಹೆಸರು ಕೆತ್ತಿದ ಕಲ್ಲಿನ ಮುಚ್ಚಳ.

ವಿಸ್ತರಣೆ: ಎಲ್ಲಿ, ಹೇಗೆ?

ಊರು ಬೆಳೆದು ರುದ್ರಭೂಮಿಯನ್ನು ಸುತ್ತುವರಿದಿದೆ. ಪೂರ್ವಕ್ಕೆ ಹೆದ್ದಾರಿ ಮತ್ತು ನದಿ, ಪಶ್ಚಿಮಕ್ಕೆ ಸೇನೆಯ ನೆಲೆ, ಆಗ್ನೇಯದಲ್ಲಿ ರಕ್ಷಣಾ ಇಲಾಖೆಯ ಕೇಂದ್ರಕಚೇರಿಯಾದ ಪೆಂಟಗನ್. ಆದ್ದರಿಂದ ಹಿಂದೆಯೂ ಈಗಲೂ ವಿಸ್ತರಣೆ ನಡೆದದ್ದು ಹೆಚ್ಚಾಗಿ ಪಕ್ಕದ ಸರ್ಕಾರಿ ಜಮೀನನ್ನು ಸೇರಿಸಿಕೊಳ್ಳುವ ಮೂಲಕ.

2018ರ ಸೆಪ್ಟೆಂಬರಿನಲ್ಲಿ ‘ಮಿಲೆನಿಯಂ’ ಎಂಬ ಯೋಜನೆಯ 27 ಎಕರೆ ಬಳಕೆಗೆ ಬಂತು. ಅದರಿಂದ ಕುಣಿ ಮತ್ತು ಮಾಡ ಸೇರಿ 27,000ಕ್ಕೂ ಹೆಚ್ಚು ಜಾಗಗಳಾದವು. ಅಂತರ್ಯುದ್ಧದ ರಣಭೂಮಿಯೊಂದರಲ್ಲಿ ಸಿಕ್ಕ ಇಬ್ಬರು ಅಜ್ಞಾತ ಸೈನಿಕರ ಅಸ್ಥಿಗಳನ್ನು ಅಲ್ಲಿ ಮೊದಲು ಹೂಳಲಾಯಿತು. ಈ ಯೋಜನೆಗೆ ಹಳೆಯ ಕಾಡಿನ ಒಂದು ಭಾಗವನ್ನು ಕಡಿಯಬೇಕಾಗಿದ್ದರಿಂದ ಸ್ಥಳೀಯರ ವಿರೋಧವೂ ಇತ್ತು. ಬಿಆರ್‌ಟಿಎಸ್ ರಸ್ತೆಗಾಗಿ ಹುಬ್ಬಳ್ಳಿ-ಧಾರವಾಡದ ನಡುವಿನ ಮರಗಳು ಉರುಳಿದ್ದನ್ನು ಕಂಡವರಿಗೆ ಈ ವಾದ-ಪ್ರತಿವಾದ ಹೊಸದೆನ್ನಿಸದು.

ಈಗ ನಡೆದಿರುವುದು ದಕ್ಷಿಣದ ವಿಸ್ತರಣೆ. 1941ರಲ್ಲಿ ಕಟ್ಟಿದ, ನೌಕಾಪಡೆಯ ಕಚೇರಿಗಳಿದ್ದ ಬೃಹತ್ ಕಟ್ಟಡವೊಂದನ್ನು 2013ರಲ್ಲಿ ಕೆಡವಿ ಆ ನೆಲವನ್ನು ರುದ್ರಭೂಮಿಗೆ ಬಿಟ್ಟುಕೊಡಲಾಯಿತು. ಆದರೆ ಹಳೆಯ ಜಮೀನಿಗೂ ಈ ನೆಲಕ್ಕೂ ನಡುವೆ ಕೊಲಂಬಿಯಾ ಪೈಕ್ ಎಂಬ ಸಾರ್ವಜನಿಕ ರಸ್ತೆ ಹಾದುಹೋಗುತ್ತಿತ್ತು. ಅಕ್ಕಪಕ್ಕದ ಎರಡು ಹೊಲ ಒಬ್ಬರದೇ ಆಗಿ ನಡುವೆ ಬಂಡಿದಾರಿ ಇದ್ದರೆ ಏನು ಮಾಡುತ್ತೇವೆ? ದಾರಿಯನ್ನು ಅಂಚಿಗೆ ಸರಿಸಿ ಹೊಲ ಒಂದು ಮಾಡುತ್ತೇವೆ. ಅಲ್ಲಿಯೂ ಹಾಗೆಯೇ ರಸ್ತೆಯನ್ನೂ ಅದರ ಕೆಳಗಿನ ನೀರು, ವಿದ್ಯುತ್ ಮತ್ತಿತರ ಮಾರ್ಗಗಳನ್ನೂ ದಕ್ಷಿಣಕ್ಕೆ ಸರಿಸಿ ಎರಡೂ ತುಂಡುಗಳನ್ನು ಜೋಡಿಸುವುದು ಯೋಜನೆಯ ತಿರುಳು. ಇದರಿಂದ ಸುಮಾರು 50 ಎಕರೆ ಸೇರಿ, ಕುಣಿ ಮತ್ತು ಮಾಡಗಳೆರಡೂ ಲೆಕ್ಕಕ್ಕೆ ಬಂದು, ಸುಮಾರು 80,000 ಜಾಗಗಳು ದೊರೆಯುತ್ತವೆ. ವಾಯುಪಡೆಯ ಸ್ಮಾರಕ ಈಗಾಗಲೇ ಆ ಮಗ್ಗುಲಲ್ಲಿದೆ.

ಭೂಮಿ ಸಾಲದಿದ್ದರೆ ನಿಯಮ

80,000 ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಸೇನೆಯೇ ಮುಂದಿಟ್ಟ ಇನ್ನೊಂದು ಅಂಕಿಯ ಪಕ್ಕದಲ್ಲಿ ಇಟ್ಟರೆ ಅದು ಸಣ್ಣದಾಗುತ್ತದೆ: 2020ರ ಹೊತ್ತಿಗೆ ಉಳಿದಿದ್ದ ಜಾಗಗಳು 95,000ಕ್ಕಿಂತ ಕಡಿಮೆ, ಬದುಕಿರುವ ಸೈನಿಕರು ಮತ್ತು ವೆಟರನ್ನರು ಸುಮಾರು 2 ಕೋಟಿ 20 ಲಕ್ಷ. ಎಲ್ಲರೂ ಅಲ್ಲಿಗೇ ಬರುವುದಿಲ್ಲ, ನಿಜ. ತಮ್ಮ ಊರಿನ ಸಮೀಪದ ಬೇರೆ ರಾಷ್ಟ್ರೀಯ ರುದ್ರಭೂಮಿಗಳನ್ನು ಆರಿಸಿಕೊಳ್ಳುವವರು ಬಹಳ ಜನ. ಹಾಗಿದ್ದರೂ ನಿಯಮ ಬದಲಾಗದಿದ್ದರೆ ದಕ್ಷಿಣದ ವಿಸ್ತರಣೆಯ ನಂತರವೂ ಈ ಶತಮಾನದ ಮಧ್ಯಭಾಗವನ್ನು ದಾಟಿ ಸ್ವಲ್ಪ ಕಾಲದಲ್ಲಿ ಹೊಸ ಕುಣಿಗೆ ಜಾಗವಿರುವುದಿಲ್ಲ. ಭೂಮಿ ಸೇರಿಸುತ್ತ ಹೋಗುವುದಕ್ಕೆ ಮಿತಿಯಿದೆ, ಏಕೆಂದರೆ ಮುಂದಿನ ಪಕ್ಕದ ಹೊಲ ಪೆಂಟಗನ್.

ಆದ್ದರಿಂದ ಅಮೆರಿಕದ ಸಂಸತ್ತು, ಬಹಳ ಕಾಲದವರೆಗೆ ರುದ್ರಭೂಮಿ ತೆರೆದಿರುವಂತೆ ಅರ್ಹತೆಯನ್ನು ಪುನಃ ನಿಗದಿಪಡಿಸಬೇಕೆಂದು ಸೇನೆಗೆ ಕಾನೂನಿನ ಮೂಲಕ ಸೂಚಿಸಿತು. ಸೇನೆ ಅದಕ್ಕೆ 150 ವರ್ಷಗಳ ಗುರಿ ಇಟ್ಟುಕೊಂಡಿತು. ಸದ್ಯದ ಪದ್ಧತಿಯಲ್ಲಿ ನೆಲದಲ್ಲಿ ಹೂಳಲು ಅರ್ಹರಾದವರು ಸೇವೆಯಲ್ಲಿದ್ದಾಗಲೇ ಸತ್ತವರು, ಪೂರ್ಣ ಸೇವೆ ಮುಗಿಸಿ ಪಿಂಚಣಿ ಪಡೆಯುವವರು, ಉನ್ನತ ಶೌರ್ಯ ಪದಕ ಪಡೆದವರು, ಯುದ್ಧದಲ್ಲಿ ಗಾಯಗೊಂಡು ಪರ್ಪಲ್ ಹಾರ್ಟ್ ಪದಕ ಪಡೆದವರು, ಯುದ್ಧಕೈದಿಗಳಾಗಿದ್ದವರು ಮತ್ತು ಇತರ ಕೆಲವರು. ಗೋಡೆಯ ಮಾಡಕ್ಕೆ ಅರ್ಹತೆ ಬಹಳ ಸಡಿಲ: ತರಬೇತಿಯನ್ನು ಬಿಟ್ಟು ಸ್ವಲ್ಪವೇ ಸಕ್ರಿಯ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾದ ವೆಟರನ್ನರೂ ಅಲ್ಲಿಗೆ ಸಲ್ಲುತ್ತಾರೆ.

2020ರ ಸೆಪ್ಟೆಂಬರಿನಲ್ಲಿ ಸೇನೆ ಪ್ರಕಟಿಸಿದ ಪ್ರಸ್ತಾವ ಇದನ್ನು ಬಿಗಿಗೊಳಿಸುತ್ತದೆ. ಅದರಂತೆ ನೆಲದ ಕುಣಿ ಮುಖ್ಯವಾಗಿ ಕಾಳಗದಲ್ಲಿ ಮಡಿದವರಿಗೆ, ಕಾಳಗದ ಶೌರ್ಯಕ್ಕಾಗಿ ಸಿಲ್ವರ್ ಸ್ಟಾರ್ ಅಥವಾ ಅದಕ್ಕೂ ಮೇಲಿನ ಪದಕ ಪಡೆದವರಿಗೆ, ಪರ್ಪಲ್ ಹಾರ್ಟ್ ಪಡೆದವರಿಗೆ, ಯುದ್ಧಕೈದಿಗಳಾಗಿದ್ದವರಿಗೆ. ಪಿಂಚಣಿಯ ನಿವೃತ್ತರಲ್ಲಿ ಬಹುಪಾಲು ಜನ ಕುಣಿಯಿಂದ ಮಾಡಕ್ಕೆ ಸರಿಯುತ್ತಾರೆ. ಇಪ್ಪತ್ತು-ಮೂವತ್ತು ವರ್ಷ ದುಡಿದು, ಸೇರುವಾಗಲೇ ಆರ್ಲಿಂಗ್ಟನ್‌ನ ಭರವಸೆ ನಂಬಿದವರ ಸಂಘಗಳು ಆಕ್ಷೇಪಿಸಿದ್ದು ಇದನ್ನೇ. ಮುಂದೆ ಎಂದೋ ನಡೆಯುವ ಯುದ್ಧದಲ್ಲಿ ಸಾಯುವವರಿಗೆ ಜಾಗ ಉಳಿಸಬೇಕಾದರೆ ಇಂದಿನವರಲ್ಲಿ ಕೆಲವರಿಗೆ ಇಲ್ಲ ಎನ್ನಬೇಕಾಗುತ್ತದೆ ಎಂಬುದು ಇನ್ನೊಂದು ಕಡೆಯ ವಾದ.

ಹವಾಲ್ದಾರರ ಫೋಟೊದ ವಿಷಯಕ್ಕೆ ಬಂದರೆ, ಈ ಲೆಕ್ಕವೆಲ್ಲ ಹೊಸ ಕುಣಿಗಳಿಗೆ ಸಂಬಂಧಿಸಿದ್ದು. ಈಗಾಗಲೇ ಕುಣಿಯಿರುವ ಸೈನಿಕನ ಹೆಂಡತಿಗೋ ಗಂಡನಿಗೋ ಹೊಸ ಜಾಗ ಬೇಕಿಲ್ಲ. ಇನ್ನು ಹೊಸಬರಿಗೆ ಜಾಗವಿಲ್ಲ ಎಂದು ಆರ್ಲಿಂಗ್ಟನ್ ಘೋಷಿಸುವ ದಿನ ಬಂದರೂ, ಕಲ್ಲಿನ ಹಿಂಬದಿ ಇನ್ನೂ ಖಾಲಿ ಇರುವ ಕುಣಿಗಳನ್ನು ಆ ನಂತರವೂ ಹಲವು ವರ್ಷ ಒಂದೊಂದಾಗಿ ತೆರೆಯುತ್ತ, ಮುಚ್ಚುತ್ತ ಇರುತ್ತಾರೆ.